ನರಗುಂದದಿಂದ ಗಜೇಂದ್ರಗಡದವರೆಗೆ: ಮನೆಯೊಳಗಿನ ದುಡಿಮೆಯ ಲೆಕ್ಕ

ಗದಗ ಜಿಲ್ಲೆಯ ಭೂಪಟವನ್ನೊಮ್ಮೆ ಮುಂದೆ ಹರಡಿಕೊಳ್ಳಿ. ಅದರ ಉತ್ತರ ಭಾಗದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ಮೂರು ಊರುಗಳು ಕಾಣಿಸುತ್ತವೆ: ನರಗುಂದ, ರೋಣ, ಗಜೇಂದ್ರಗಡ. ಮೊದಲನೆಯದರಿಂದ ಕೊನೆಯದಕ್ಕೆ ಎಪ್ಪತ್ತು ಕಿಲೋಮೀಟರಿನ ಆಸುಪಾಸು. ಪ್ರವಾಸಿಗರು ಸಾಮಾನ್ಯವಾಗಿ ಇತ್ತ ಸುಳಿಯುವುದಿಲ್ಲ. ಬಾದಾಮಿ, ಪಟ್ಟದಕಲ್ಲಿಗೆ ಹೊರಟವರು ನರಗುಂದದಲ್ಲಿ ಬಸ್ಸಿಳಿದು ಚಹಾ ಕುಡಿಯುತ್ತಾರೆ, ಮತ್ತೆ ಬಸ್ಸೇರುತ್ತಾರೆ, ಅಷ್ಟೆ.

ಈ ಸಲ ನಿಮ್ಮನ್ನು ಗುಡಿ-ಗುಮ್ಮಟಗಳಿಗೆ ಕರೆದೊಯ್ಯುವ ಉದ್ದೇಶ ನನಗಿಲ್ಲ. ಕರೆದೊಯ್ಯುವುದು ಮನೆಗಳಿಗೆ. ದೊಡ್ಡ ಕಾರ್ಖಾನೆಯೆಂದು ಹೇಳಿಕೊಳ್ಳುವಂಥದ್ದು ಈ ಊರುಗಳಲ್ಲಿಲ್ಲ. ಆದರೆ ಯಾವ ಓಣಿಗೆ ಹೋದರೂ ಒಂದು ಮನೆಯಿಂದ ರೊಟ್ಟಿ ಬಡಿಯುವ ಸದ್ದು, ಇನ್ನೊಂದು ಮನೆಯಿಂದ ಹೊಲಿಗೆ ಯಂತ್ರದ ಸದ್ದು, ಗಜೇಂದ್ರಗಡದಲ್ಲಾದರೆ ಮಗ್ಗದ ಸದ್ದು ಕೇಳಿಸುತ್ತದೆ. ಮನೆಯೊಳಗೇ ಕುಳಿತು ನಾಲ್ಕು ಕಾಸು ಸಂಪಾದಿಸುವ ಈ ಸಹೋದರಿಯರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸಾಧನ ಯಾವುದು? ಯಂತ್ರವೇ? ಸಾಲವೇ? ಸರಕಾರದ ಯೋಜನೆಯೇ? ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳ ತಾಯಂದಿರ ಮನೆಗಳಿಗೆ, ಬಂಧುಗಳ ಮನೆಗಳಿಗೆ ಹೋಗಿ ಕುಳಿತಾಗ ಈ ಪ್ರಶ್ನೆಯನ್ನೇ ಕೇಳುತ್ತಾ ಬಂದೆ. ಉತ್ತರ ನಾನಂದುಕೊಂಡದ್ದಕ್ಕಿಂತ ಬಹಳ ಅಗ್ಗದ್ದಾಗಿತ್ತು.

ನೀವು ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸು ಹತ್ತಿದರೆ ನವಲಗುಂದ ದಾಟಿದ ಮೇಲೆ ಕಣ್ಣು ಹಾಯುವವರೆಗೂ ಎರೆ ಹೊಲ. ಆ ಬಯಲಿನ ನಡುವೆ ಒಂದೇ ಒಂದು ಗುಡ್ಡ ಎದ್ದು ನಿಂತರೆ ನರಗುಂದ ಬಂತೆಂದು ತಿಳಿಯಿರಿ. ಈ ಊರಿಗೆ ಸುಮ್ಮನೆ ಕೂರುವ ಸ್ವಭಾವವಿಲ್ಲ. 1858ರಲ್ಲಿ ಇಲ್ಲಿನ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದ. 1980ರ ಜುಲೈನಲ್ಲಿ ನೀರಿನ ಕರದ ವಿಷಯದಲ್ಲಿ ರೈತರು ಬೀದಿಗಿಳಿದರು, ಗೋಲಿಬಾರಾಯಿತು, ರಾಜ್ಯದ ರಾಜಕೀಯವೇ ಬದಲಾಯಿತು. 2015ರಿಂದ ಮಹದಾಯಿ ನೀರಿಗಾಗಿ ವರ್ಷಗಟ್ಟಲೆ ಧರಣಿ ನಡೆದದ್ದೂ ಇಲ್ಲಿಯೇ. ರೈತನ ಬೆಳೆಗೆ ಬೆಲೆ ಸಿಗಬೇಕೆಂದು ಇಷ್ಟೊಂದು ಹೋರಾಡಿದ ಊರಿನಲ್ಲಿ, ಆ ಬೆಳೆಯಿಂದ ರೊಟ್ಟಿ ಮಾಡುವ ಹೆಣ್ಣುಮಗಳು ತನ್ನ ದುಡಿಮೆಯ ಬೆಲೆಯನ್ನು ಕೇಳುವುದೇ ಇಲ್ಲ ಎಂಬುದು ವಿಚಿತ್ರವಾಗಿ ಕಾಣಿಸಿತು.

ಹೆದ್ದಾರಿಯ ಊರಾದ್ದರಿಂದ ಇಲ್ಲಿ ಖಡಕ್ ರೊಟ್ಟಿಗೆ ಗಿರಾಕಿ ಇದೆ. ಖಾನಾವಳಿಗಳಿಗೆ ಬೇಕು, ಮದುವೆ ಮನೆಗೆ ಬೇಕು, ಬೆಂಗಳೂರು, ಪುಣೆಯಲ್ಲಿರುವ ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುವವರಿಗೂ ಬೇಕು. ನಾನು ಹೋದ ಮನೆಯಲ್ಲಿ ತಾಯಿ, ಮಗಳು ಇಬ್ಬರೂ ಬೆಳಗಿನ ನಮಾಜ್ ಮುಗಿಸಿ ಒಲೆ ಹಚ್ಚುತ್ತಾರೆ. "ದಿನಕ್ಕೆ ಎಷ್ಟು ಉಳಿಯುತ್ತದೆ?" ಎಂದು ಕೇಳಿದೆ. "ಏನೋ ಉಳೀತೈತ್ರಿ ಆಪಾ, ಸಂಸಾರ ನಡೀತೈತಿ" ಎಂಬ ಉತ್ತರ. ಆ 'ಏನೋ' ಎಂಬ ಮಾತನ್ನು ಬಿಡಿಸಿ ನೋಡೋಣವೆಂದು ಮಗಳ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆಯತೊಡಗಿದೆವು.

ಬೆಲೆಗಳು ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಆದ್ದರಿಂದ ಇದನ್ನು ಒಂದು ಮಾದರಿ ಲೆಕ್ಕವೆಂದೇ ಓದಿ, ನಿಮ್ಮೂರಿನ ಬೆಲೆ ಹಾಕಿಕೊಳ್ಳಿ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟೆಂದರೆ ನೂರು ರೊಟ್ಟಿಗೆ 5 ಕಿಲೋ. ಜೋಳ ಕಿಲೋಗೆ 45 ರೂಪಾಯಿ ಎಂದುಕೊಂಡರೆ 225. ಬೀಸಿದ್ದಕ್ಕೆ 25. ಒಲೆಗೆ 60. ಪ್ಲಾಸ್ಟಿಕ್ ಚೀಲ, ಕಟ್ಟುವ ದಾರ ಅಂತ 20. ಒಟ್ಟು 330. ರೊಟ್ಟಿಗೆ 5 ರೂಪಾಯಿಯಂತೆ ಮಾರಿದರೆ ಕೈಗೆ 500 ಬಂತು, ಉಳಿದದ್ದು 170. ಇನ್ನು ವೇಳೆಯ ಲೆಕ್ಕ. ಒಂದು ರೊಟ್ಟಿ ಬಡಿದು, ಬೇಯಿಸಿ, ಒಣಗಲಿಡಲು ಮೂರು ನಿಮಿಷವೆಂದರೂ ನೂರಕ್ಕೆ ಐದು ತಾಸು. ಜೋಳ ಹಸನು ಮಾಡಿ, ಗಿರಣಿಗೆ ಹೋಗಿ ಬಂದು, ಕಟ್ಟಿಡುವುದಕ್ಕೆ ಇನ್ನೊಂದು ತಾಸು. ಆರು ತಾಸಿನ ಬೆಂಕಿಯ ಮುಂದಿನ ದುಡಿಮೆಗೆ 170 ಎಂದರೆ ತಾಸಿಗೆ 28 ರೂಪಾಯಿ ಮೇಲೊಂದಿಷ್ಟು ಪೈಸೆ. 2025-26ರಲ್ಲಿ ಉದ್ಯೋಗ ಖಾತ್ರಿಯ ಮಣ್ಣು ಕೆಲಸಕ್ಕೆ ಕರ್ನಾಟಕದಲ್ಲಿ ದಿನಗೂಲಿ 370 ರೂಪಾಯಿ ಇತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಈಗ ಅದೇ ರೊಟ್ಟಿಗೆ ಒಂದೇ ಒಂದು ರೂಪಾಯಿ ಹೆಚ್ಚಿಸಿ. ಖರ್ಚು ಅಷ್ಟೇ, ಉಳಿಕೆ 270, ತಾಸಿಗೆ 45. ಗಿರಾಕಿಗೆ ಒಂದು ರೂಪಾಯಿ ಹೆಚ್ಚೇನೂ ಅಲ್ಲ, ಮಾಡುವವಳಿಗೆ ಅದು ಒಂದೂವರೆಪಟ್ಟು ಕೂಲಿ! ಆ ತಾಯಿ ಎರಡೆರಡು ಬಾರಿ ಕೂಡಿಸಿ, ಕಳೆದು ನೋಡಿದರು. ಅವರು ಓದಿದ್ದು ನಾಲ್ಕನೇ ತರಗತಿ. ಲೆಕ್ಕ ನನಗಿಂತ ಚುರುಕು.

ಹಾಗಾದರೆ ಮೊದಲು ಕೊಳ್ಳಬೇಕಾದ್ದು ಏನು? ರೊಟ್ಟಿ ಒತ್ತುವ ಯಂತ್ರಗಳು ಬಂದಿವೆ. ಸೆಲ್ಕೋ ಫೌಂಡೇಶನ್‌ನಂಥ ಸಂಸ್ಥೆಗಳ ನೆರವಿನಿಂದ ಸೌರ ವಿದ್ಯುತ್ತಿನಲ್ಲಿ ಓಡುವ ರೊಟ್ಟಿ ಯಂತ್ರ, ಹೊಲಿಗೆ ಯಂತ್ರಗಳೂ ಉತ್ತರ ಕರ್ನಾಟಕದ ಹಳ್ಳಿಗಳಿಗೆ ತಲುಪಿವೆ. ಆದರೆ ನನ್ನ ಅಭಿಪ್ರಾಯದಲ್ಲಿ ಮೊದಲ ಸಾಧನ ಯಂತ್ರವಲ್ಲ, ತಕ್ಕಡಿ. ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿಯೊಂದಿದ್ದರೆ ಪ್ರತಿ ಹಿಟ್ಟಿನ ಉಂಡೆಯೂ ಒಂದೇ ತೂಕವಾಗುತ್ತದೆ. ರೊಟ್ಟಿ ಒಂದು ದೊಡ್ಡದು, ಒಂದು ಸಣ್ಣದಾದರೆ ಲೆಕ್ಕವೇ ನಿಲ್ಲುವುದಿಲ್ಲ, ದೂರದ ಗಿರಾಕಿಯ ನಂಬಿಕೆಯೂ ನಿಲ್ಲುವುದಿಲ್ಲ. ನೂರು ರೊಟ್ಟಿಗೆ ಬೇಡಿಕೆ ಐನೂರಕ್ಕೇರಿದಾಗ ಯಂತ್ರದ ಮಾತು.

ಐನೂರಕ್ಕೇರುವುದು ಕನಸೇನಲ್ಲ. ಕಲಬುರಗಿಯಲ್ಲಿ ಜಿಲ್ಲಾಧಿಕಾರಿಯಾಗಿದ್ದ ಫೌಝಿಯಾ ತರನ್ನುಮ್ ಅವರ ಕಾಲದಲ್ಲಿ ಅಲ್ಲಿನ ರೊಟ್ಟಿ ಮಾಡುವ ಹೆಂಗಸರನ್ನೆಲ್ಲ ಒಂದುಗೂಡಿಸಿ 'ಕಲಬುರಗಿ ರೊಟ್ಟಿ' ಎಂಬ ಒಂದೇ ಹೆಸರಿನಡಿ ಮಾರುಕಟ್ಟೆಗೆ ತಂದರು. 2025ರ ಜೂನ್‌ನಲ್ಲಿ ಪ್ರಧಾನಿಯವರ 'ಮನ್ ಕೀ ಬಾತ್'ನಲ್ಲಿಯೂ ಅದರ ಪ್ರಸ್ತಾಪ ಬಂತು. ಹೆಂಚು ಅದೇ, ಜೋಳ ಅದೇ, ಕೈಯೂ ಅದೇ. ಬದಲಾದದ್ದು ಅಳತೆ, ಪೊಟ್ಟಣ ಮತ್ತು ಹೆಸರು. ಪೊಟ್ಟಣದಲ್ಲಿ ತಿನ್ನುವ ವಸ್ತು ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಿಕೊಳ್ಳಬೇಕೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದರ 14 ಅಂಕಿಗಳ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಸಣ್ಣ ತಯಾರಕರಿಗೆ ಇದು ಸುಲಭದ ನೋಂದಣಿ, ಹೆದರುವಂಥದ್ದೇನಲ್ಲ. ಅಂದಹಾಗೆ, ಮನೆಯ ಅಡುಗೆಗೆಂದು ಕೊಟ್ಟ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದು ನಿಯಮಕ್ಕೆ ವಿರುದ್ಧ. ನಾನು ಹೋದ ಮನೆಯಲ್ಲಂತೂ ಸೌದೆಯ ಒಲೆಯೇ ಇತ್ತು. ಆ ಹೊಗೆಯ ಲೆಕ್ಕವನ್ನು ಯಾರು ಬರೆಯಬೇಕೋ!

ನರಗುಂದದಿಂದ ಪೂರ್ವಕ್ಕೆ ರೋಣದ ದಾರಿ. ಮಳೆಗಾಲದಲ್ಲಿ ಕಾಲಿಟ್ಟರೆ ಹೂತುಹೋಗುವ, ಬೇಸಿಗೆಯಲ್ಲಿ ಬಾಯಿ ಬಿಡುವ ಅದೇ ಕರಿ ನೆಲ. ಹತ್ತಿ, ಕಡಲೆ, ಜೋಳ, ಹೆಸರು, ಉಳ್ಳಾಗಡ್ಡಿ. ಬಸ್ಸಿನ ತುಂಬ ಹೆಂಗಸರು. ಈ ಬಸ್ಸಿನ ಬಗ್ಗೆಯೇ ಎರಡು ಮಾತು ಹೇಳಬೇಕು.

2023ರ ಜೂನ್ 11ರಂದು 'ಶಕ್ತಿ' ಯೋಜನೆ ಆರಂಭವಾಗಿ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣ ತಪ್ಪಿತು. ಅದನ್ನು ಹೊಗಳುವವರು, ಹಳಿಯುವವರು ಇಬ್ಬರೂ ತೀರ್ಥಯಾತ್ರೆಯ, ತವರುಮನೆಯ ಮಾತನ್ನೇ ಆಡಿದರು. ನಾನು ರೋಣದಲ್ಲಿ ಕಂಡದ್ದು ಬೇರೆ. ಹೊಲಿಗೆಯ ಸಹೋದರಿಯೊಬ್ಬರಿಗೆ ಮೊದಲು ದಾರ, ಅಸ್ತರಿನ ಬಟ್ಟೆ, ಹುಕ್ಕು, ಲೇಸು ಎಲ್ಲವನ್ನೂ ಬಾಗಿಲಿಗೇ ತಂದು ಕೊಡುವವನೊಬ್ಬನಿದ್ದ. ಅವನು ಹೇಳಿದ್ದೇ ದರ. ಗದಗಕ್ಕೋ ಹುಬ್ಬಳ್ಳಿಗೋ ಹೋಗಿ ತಂದರೆ ಬಸ್ಸಿನ ಖರ್ಚೇ ಲಾಭವನ್ನು ನುಂಗುತ್ತಿತ್ತು. ಈಗ ತಿಂಗಳಿಗೊಮ್ಮೆ ನೆರೆಯ ಇಬ್ಬರು ಹೆಂಗಸರೊಂದಿಗೆ ಹುಬ್ಬಳ್ಳಿಯ ಸಗಟು ಪೇಟೆಗೆ ಹೋಗಿ ಬರುತ್ತಾರೆ. ಮೂವರೂ ಸೇರಿ ಕೊಳ್ಳುವುದರಿಂದ ಡಜನ್ನಿನ ದರ ಸಿಗುತ್ತದೆ. "ಪೇಟಿ ನೋಡಿದ ಮ್ಯಾಲ ಗೊತ್ತಾತ್ರಿ ಆಪಾ, ಅಂವ ನಮಗ ಎಷ್ಟಕ್ಕ ಮಾರತಿದ್ದ ಅಂತ" ಎಂದರು. ಬಸ್ಸು ಅವರಿಗೆ ಕೊಟ್ಟದ್ದು ಪ್ರಯಾಣವನ್ನಲ್ಲ, ದರದ ತಿಳುವಳಿಕೆಯನ್ನು.

ಇವರ ಮನೆಯಲ್ಲಿ ಇನ್ನೊಂದು ವಿಷಯ ಗಮನಿಸಿದೆ. ರವಿಕೆ ಹೊಲಿಯುವವರು ಓಣಿಗೆ ನಾಲ್ವರಿದ್ದಾರೆ, ಹೊಸ ಹೊಸ ಫ್ಯಾಶನ್ ಕಲಿಯಲು ಎಲ್ಲರೂ ಓಡುತ್ತಾರೆ. ಇವರು ಮಾತ್ರ ಹಳೆಯ ಪೀಕೋ ಯಂತ್ರವೊಂದನ್ನು ಕೊಂಡರು. ರವಿಕೆಗೆ ಬಂದ ಸೀರೆಯ ಫಾಲ್ ಮತ್ತು ಪೀಕೋ ಕೆಲಸ ಮೊದಲು ಬಜಾರಿನ ಅಂಗಡಿಗೆ ಹೋಗುತ್ತಿತ್ತು, ಈಗ ಆ ಹಣ ಮನೆಯಲ್ಲೇ ಉಳಿಯುತ್ತದೆ. ಉಳಿದ ಮೂವರ ಮನೆಯ ಸೀರೆಗಳೂ ಇವರಲ್ಲಿಗೇ ಬರುತ್ತವೆ. ನಿಮ್ಮ ಓಣಿಯಲ್ಲಿ ಎಲ್ಲರೂ ಮಾಡುವುದನ್ನು ಇನ್ನೊಬ್ಬರಾಗಿ ಮಾಡುವುದಕ್ಕಿಂತ, ಎಲ್ಲರೂ ಹೊರಗೆ ಕಳಿಸುವುದು ಯಾವುದೆಂದು ಮೊದಲು ನೋಡಿ.

ರೋಣ ಹಳೆಯ ತಾಲೂಕು ಕೇಂದ್ರ. ಕಚೇರಿಗಳು ಇಲ್ಲಿವೆ, ಕಚೇರಿಗಳಿದ್ದಲ್ಲಿ ದಲ್ಲಾಳಿಗಳೂ ಇರುತ್ತಾರೆ. ಹೀಗಾಗಿ ಕಾಗದಪತ್ರಗಳ ಮಾತನ್ನು ಇಲ್ಲಿ ಆಡುವುದೇ ಸರಿ. 2020ರ ಜುಲೈನಿಂದ ಸಣ್ಣ ಉದ್ಯಮಗಳಿಗೆ 'ಉದ್ಯಮ್' ಎಂಬ ನೋಂದಣಿ ಬಂದಿದೆ. ಆಧಾರ್ ಸಂಖ್ಯೆಯಿಂದ ಆಗುತ್ತದೆ, ಸರಕಾರಕ್ಕೆ ಒಂದು ರೂಪಾಯಿಯೂ ಕಟ್ಟಬೇಕಾಗಿಲ್ಲ. ಇದಕ್ಕಾಗಿ ಸಾವಿರಗಟ್ಟಲೆ ಕೇಳುವವರು ಎಲ್ಲ ಊರುಗಳಲ್ಲೂ ಇದ್ದಾರೆ, ಕೊಡುವವರೂ ಇದ್ದಾರೆ! ತುಂಬಿಸಿಕೊಡುವವರ ಕೈಕೂಲಿಯನ್ನು ಬೇಕಾದರೆ ಕೊಡಿ, ಅದಕ್ಕಿಂತ ಹೆಚ್ಚು ಬೇಡ. ಹೊಲಿಗೆಯವರಿಗೆ 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಿದೆ. ಅದರಲ್ಲಿರುವ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಕೆಲವು ದಿನಗಳ ತರಬೇತಿ, ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಸಲಕರಣೆ ಕೊಳ್ಳಲು 15,000 ರೂಪಾಯಿಯ ನೆರವು, ಆಮೇಲೆ ಬೇಕಾದರೆ ಶೇ. 5ರ ಬಡ್ಡಿಗೆ ಸಾಲ. ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಬಡ್ಡಿಯ ವ್ಯವಹಾರ ಬೇಡವೆನ್ನುವ ನಮ್ಮ ಓದುಗರು ಗಮನಿಸಬೇಕಾದ ಅಂಶವೇನೆಂದರೆ, ಸಲಕರಣೆಯ ನೆರವು ಸಾಲವಲ್ಲ, ಸಾಲ ತೆಗೆದುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಶ್ರಮಶಕ್ತಿ' ಯೋಜನೆಯಲ್ಲಿ ಸಾಲದ ಒಂದು ಭಾಗ ಸಹಾಯಧನವಾಗುತ್ತದೆ. ಅರ್ಜಿ ಕರೆಯುವ ದಿನಗಳನ್ನು ಪತ್ರಿಕೆಗಳಲ್ಲಿ ನೋಡುತ್ತಿರಬೇಕು. ಹೊಲಿಗೆಯಿಂದ ಹಿಡಿದು ಅಣಬೆ ಬೆಳೆಯುವವರೆಗೆ ಊಟ-ವಸತಿ ಸಹಿತ ಉಚಿತವಾಗಿ ಕಲಿಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಕೇಂದ್ರಗಳೂ ಇವೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಇದಕ್ಕೆಲ್ಲ ಮಾದರಿ.

ಯೋಜನೆಗಳ ಪಟ್ಟಿ ಇಲ್ಲಿಗೆ ಸಾಕು. ಓಣಿಯಲ್ಲಿ ನಿಜವಾಗಿ ನಡೆಯುವುದು ಬೇರೆ. ಅರ್ಜಿ, ಕಚೇರಿ, ಕಾಯುವಿಕೆ ಯಾರಿಗೆ ಬೇಕೆಂದು ಹೆಂಗಸರು ಮೈಕ್ರೋ ಫೈನಾನ್ಸಿನ ಗುಂಪು ಸೇರುತ್ತಾರೆ. ಹಣ ಒಂದೇ ವಾರದಲ್ಲಿ ಮನೆಗೆ ಬರುತ್ತದೆ, ಕಂತಿನವನೂ ವಾರವಾರ ಮನೆಗೇ ಬರುತ್ತಾನೆ. ಯಂತ್ರಕ್ಕೆಂದು ತಂದ ಸಾಲ ಮಗಳ ಮದುವೆಗೋ ಆಸ್ಪತ್ರೆಗೋ ಹೋಗುತ್ತದೆ. ಒಂದು ಕಂತು ಕಟ್ಟಲು ಇನ್ನೊಂದು ಕಡೆ ಸಾಲ. ಕಿರುಕುಳ ತಾಳದೆ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ರಾಜ್ಯದ ಎಲ್ಲೆಡೆಯಿಂದ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು. ತಪ್ಪಿತಸ್ಥರಿಗೆ ಹತ್ತು ವರ್ಷಗಳವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಮನೆ ಮುಂದೆ ಬಂದು ಕೂಗಾಡುವವನಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಬದಲು ಪೊಲೀಸ್ ಠಾಣೆಗೆ ಹೋಗಬಹುದು ಎಂಬುದು ಈಗಲೂ ಎಷ್ಟೋ ಮಂದಿಗೆ ತಿಳಿದಿಲ್ಲ.

ಇದಕ್ಕೆ ಬದಲಾಗಿ ರೋಣದ ಅದೇ ಓಣಿಯಲ್ಲಿ ಹತ್ತು ಮಂದಿ ಹೆಂಗಸರ ಭಿಶಿ ನಡೆಯುತ್ತದೆ. ತಿಂಗಳಿಗೆ ತಲಾ ಸಾವಿರ, ಪ್ರತಿ ತಿಂಗಳು ಒಬ್ಬರಿಗೆ ಹತ್ತು ಸಾವಿರ. ಚೀಟಿ ಎತ್ತುವ ಮೊದಲೇ ಒಂದು ಮಾತು ಮಾಡಿಕೊಂಡಿದ್ದಾರೆ: ಕಸುಬಿನ ಸಾಮಾನು ಕೊಳ್ಳುವವರಿಗೆ ಮೊದಲ ಸರದಿ. ಪೀಕೋ ಯಂತ್ರ ಬಂದದ್ದು ಹೀಗೆ. ಹರಾಜು ಕೂಗಿ ಕಡಿಮೆ ಹಣಕ್ಕೆ ಎತ್ತುವ ಭಿಶಿಗಳೂ ಇವೆ, ಅವುಗಳಿಂದ ದೂರವಿರಿ. ಅದು ಬೇರೆ ಹೆಸರಿನ ಬಡ್ಡಿಯೇ.

ರೋಣದ ಇನ್ನೊಂದು ಮನೆಯಲ್ಲಿ ಅಜ್ಜಿಯೊಬ್ಬರು ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಸಾಲು ಸಾಲಾಗಿ ದಾರ ಓಡಿಸುವ ಕೆಲಸ. ಕೊಟ್ಟವರು ಕೊಟ್ಟಷ್ಟು ಮಜೂರಿ. ನನಗೆ ಅಹ್ಮದಾಬಾದಿನ ನೆನಪಾಯಿತು. ಅಲ್ಲಿನ ದರಿಯಾಪುರದಲ್ಲಿ ಗಿರಣಿಯ ಚಿಂದಿ ಬಟ್ಟೆಯಿಂದ ರಜಾಯಿ ಹೊಲಿಯುತ್ತಿದ್ದವರು ಹೆಚ್ಚಾಗಿ ನಮ್ಮ ಮುಸ್ಲಿಮ್ ಸಹೋದರಿಯರೇ. 1972ರಲ್ಲಿ ಇಳಾ ಭಟ್ ಅವರು ಕಟ್ಟಿದ 'ಸೇವಾ' ಸಂಘಟನೆ ಆ ದಶಕದ ಕೊನೆಯ ಹೊತ್ತಿಗೆ ಅವರನ್ನು ಒಂದುಗೂಡಿಸಿ ಮಜೂರಿಗಾಗಿ ಹೋರಾಡಿತು. ಮನೆಯೊಳಗೆ ದುಡಿಯುವವರೂ ಕಾರ್ಮಿಕರೇ ಎಂಬ ಮಾತು ಅಲ್ಲಿಂದ ಜಗತ್ತಿನಾದ್ಯಂತ ಹರಡಿ, 1996ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸಗಾರರಿಗಾಗಿಯೇ 177ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಬೇರಿನಲ್ಲಿ ಚಿಂದಿ ಹೊಲಿಯುವ ಕೈಗಳೂ ಇದ್ದವು ಎಂಬುದು ರೋಣದ ಅಜ್ಜಿಗೆ ತಿಳಿಯದು. ಹೇಳಿದಾಗ ನಕ್ಕರು.

ಲೆಕ್ಕದ ಪುಸ್ತಕ ಇಡಿ ಎಂದು ನಾನು ಹೇಳಿದಾಗ ಅದೇ ಅಜ್ಜಿ ನಗು ನಿಲ್ಲಿಸಿದರು. "ಬ್ಯಾಡವ್ವಾ, ದುಡದದ್ದು ಎಣಸಿದ್ರ ಬರಕತ್ ಹೋಗ್ತೈತಿ." ಈ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ಮನೆಗಳಲ್ಲಿ ಇದು ದೀನಿನ ಮಾತೆಂಬಂತೆ ಚಲಾವಣೆಯಲ್ಲಿದೆ. ಆದರೆ ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಎಂದು ಮದ್ರಸದ ಮಕ್ಕಳನ್ನು ಕೇಳಿ ನೋಡಿ. ಅಲ್‌ಬಕರಾ ಅಧ್ಯಾಯದ 282ನೇ ಸೂಕ್ತವದು. ನಮಾಜಿನ ಬಗ್ಗೆಯಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ, ಬೇಸರಿಸದೆ ಬರೆದುಕೊಳ್ಳಬೇಕೆಂಬ ಆದೇಶ ಅದರಲ್ಲಿದೆ. ಪ್ರವಾದಿಯವರ(ಸ) ಪತ್ನಿ ಝೈನಬ್ ಬಿಂತ್ ಜಹ್ಶ್(ರ) ಮನೆಯಲ್ಲಿಯೇ ಚರ್ಮ ಹದ ಮಾಡಿ, ಹೊಲಿದು, ಆ ದುಡಿಮೆಯಿಂದ ದಾನ ಮಾಡುತ್ತಿದ್ದುದನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ದುಡಿಮೆಯ ಕಥೆ ಕಲಿಸಿ ಲೆಕ್ಕದ ಆದೇಶವನ್ನು ಕಲಿಸದೆ ಬಿಟ್ಟರೆ ಅರ್ಧ ಪಾಠ ಹೇಳಿದಂತೆಯೇ ಸರಿ. ಅಜ್ಜಿ ಒಪ್ಪಿದರೋ ಇಲ್ಲವೋ, ಮೊಮ್ಮಗಳು ಮಾತ್ರ ಹೋಗಿ ನೋಟ್‌ಬುಕ್ ತಂದಳು.

ಆ ಪುಸ್ತಕದಲ್ಲಿ ಏನಿರಬೇಕು? ಹೆಚ್ಚೇನಿಲ್ಲ. ಬಂದದ್ದು, ಹೋದದ್ದು, ಉದ್ರಿ ಕೊಟ್ಟದ್ದು, ಮತ್ತು ಎಷ್ಟು ತಾಸು ಕುಳಿತಿರಿ ಎಂಬುದು. ಕೊನೆಯದನ್ನು ಯಾರೂ ಬರೆಯುವುದಿಲ್ಲ, ಬೇಕಾದದ್ದು ಅದೇ. ಮನೆಗೆ ತಂದ ಬೇಳೆ, ಸಕ್ಕರೆಯ ಖರ್ಚನ್ನು ಇದರಲ್ಲಿ ಬೆರೆಸಬೇಡಿ. ಫೋನಿನಲ್ಲಿ ಹಣ ಪಡೆಯುವವರು ವ್ಯಾಪಾರಕ್ಕೆಂದೇ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳುವುದು ಒಳ್ಳೆಯದು. 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣದ ಆಧಾರದಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸುಗಳು ಬಂದು ದೊಡ್ಡ ಗದ್ದಲವಾದದ್ದು ನಿಮಗೆ ನೆನಪಿರಬಹುದು. ಪ್ರತಿಭಟನೆಯ ಬಳಿಕ ಸರಕಾರ ಮೆತ್ತಗಾಯಿತು. ವಸ್ತುಗಳ ಮಾರಾಟದಲ್ಲಿ ವರ್ಷಕ್ಕೆ 40 ಲಕ್ಷದ ಒಳಗಿನ ವಹಿವಾಟಿಗೆ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ರೊಟ್ಟಿ, ಕೌದಿಯವರು ಆ ಗೆರೆಯ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ತಮ್ಮ ಕಳಿಸಿದ ಹಣ, ಭಿಶಿಯ ಹಣ, ರೊಟ್ಟಿಯ ಹಣ ಎಲ್ಲ ಒಂದೇ ಖಾತೆಯಲ್ಲಿ ಕಲೆತರೆ ನಾಳೆ ಯಾರಾದರೂ ಕೇಳಿದಾಗ ಬಿಡಿಸಿ ಹೇಳುವವರು ಯಾರು?

ರೋಣದಿಂದ ಗಜೇಂದ್ರಗಡಕ್ಕೆ ಹೋಗುವಾಗ ನೆಲದ ಬಣ್ಣ ಬದಲಾಗುವುದನ್ನು ಕಿಟಕಿಯಿಂದ ನೋಡಬಹುದು. ಎರೆ ಮುಗಿದು ಕಲ್ಲು ಗುಡ್ಡಗಳು ಏಳುತ್ತವೆ, ಗುಡ್ಡಗಳ ನೆತ್ತಿಯಲ್ಲಿ ಗಾಳಿ ವಿದ್ಯುತ್ತಿನ ರೆಕ್ಕೆಗಳು ತಿರುಗುತ್ತಿರುತ್ತವೆ. ಚಾಲುಕ್ಯರ ಕಾಲದ ಸೂಡಿ ಈ ಭಾಗದಲ್ಲಿಯೇ ಇದೆ. ಅಲ್ಲಿನ ಮೆಟ್ಟಿಲುಬಾವಿಯನ್ನು ಸಮಯವಿದ್ದವರು ನೋಡಿ. ಗಜೇಂದ್ರಗಡದ ಕೋಟೆ ಊರಿನ ಮೇಲೆಯೇ ಇದೆ. 1785ರಲ್ಲಿ ಟಿಪ್ಪು ಸುಲ್ತಾನರ ಸೇನೆ ನರಗುಂದಕ್ಕೆ ಮುತ್ತಿಗೆ ಹಾಕಿದ್ದರಿಂದ ಹೊತ್ತಿಕೊಂಡ ಮರಾಠರೊಂದಿಗಿನ ಯುದ್ಧ 1787ರಲ್ಲಿ ಮುಗಿದದ್ದು ಗಜೇಂದ್ರಗಡದ ಒಪ್ಪಂದದಿಂದ. ನಾವು ಬಸ್ಸಿನಲ್ಲಿ ಬಂದ ದಾರಿ ಒಂದು ಯುದ್ಧದ ಆರಂಭದಿಂದ ಅಂತ್ಯದವರೆಗಿನ ದಾರಿಯೂ ಹೌದು.

ಇಲ್ಲಿನ ನೇಕಾರರ ಓಣಿಗಳಲ್ಲಿ ಕುಣಿ ಮಗ್ಗಗಳಿವೆ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತು, ಕಾಲಿನಿಂದ ತುಳಿಯುತ್ತಾ, ಕೈಯಿಂದ ಲಾಳಿ ಓಡಿಸುವುದು. ಗಜೇಂದ್ರಗಡದ 'ಪಟ್ಟೆದಂಚು' ಸೀರೆಯ ಹೆಸರನ್ನು ನೀವು ಕೇಳಿರಬಹುದು. ದಪ್ಪ ಹತ್ತಿ ನೂಲು, ಮೈಯಲ್ಲಿ ಸಣ್ಣ ಚೌಕುಳಿ, ಎದ್ದು ಕಾಣುವ ಪಟ್ಟೆಯ ಅಂಚು. ಹೊಲದ ಕೆಲಸಕ್ಕೂ ಉಡಬಹುದಾದ, ಒಗೆದಷ್ಟೂ ಮೆತ್ತಗಾಗುವ ಸೀರೆ. ವಿದ್ಯುತ್ ಮಗ್ಗ ಮತ್ತು ಅಗ್ಗದ ಪಾಲಿಯೆಸ್ಟರ್ ಬಂದ ಮೇಲೆ ಇದು ಮಗ್ಗದಿಂದಲೇ ಮರೆಯಾಗಿತ್ತು. ಜವಳಿ ಸಂಶೋಧಕಿ ಹೇಮಲತಾ ಜೈನ್ ಅವರ 'ಪುನರ್ಜೀವನ' ಸಂಸ್ಥೆ ಹಳೆಯ ಮಾದರಿಗಳನ್ನು ಹುಡುಕಿ ಮತ್ತೆ ನೇಯಿಸಿತು. ಈಗ ಬೆಂಗಳೂರಿನ ಪ್ರದರ್ಶನಗಳಲ್ಲಿ ಹೆಸರು ಹಿಡಿದು ಕೇಳುವವರಿದ್ದಾರೆ.

ಮಗ್ಗದ ಮನೆಯ ಲೆಕ್ಕ ರೊಟ್ಟಿಯ ಮನೆಯದಕ್ಕಿಂತ ತೊಡಕಿನದು. ರೊಟ್ಟಿಯವಳು ತನ್ನ ಜೋಳ ತಾನೇ ಕೊಂಡು, ತಾನೇ ಮಾರುತ್ತಾಳೆ. ನೇಕಾರರಲ್ಲಿ ಬಹುಪಾಲು ಮಂದಿಗೆ ನೂಲು ಮಾಲೀಕರದ್ದು, ಸೀರೆಯೂ ಮಾಲೀಕರದ್ದು, ಸಿಗುವುದು ಸೀರೆಗಿಷ್ಟು ಎಂಬ ಮಜೂರಿ. ಇಂಥವರ ಪುಸ್ತಕದಲ್ಲಿ ಇರಬೇಕಾದದ್ದೇ ಬೇರೆ: ಎಷ್ಟು ನೂಲು ಬಂತು, ಎಷ್ಟು ಸೀರೆ ಹೋಯಿತು, ಮುಂಗಡ ಎಷ್ಟು, ದೋಷವೆಂದು ಮುರಿದುಕೊಂಡದ್ದು ಎಷ್ಟು. ಬರೆಯದಿದ್ದರೆ ಮಾಲೀಕರ ಪುಸ್ತಕವೇ ಪುಸ್ತಕ.

ಇದಲ್ಲದೆ ಮಗ್ಗದಲ್ಲಿ ಕೂರುವುದು ಒಬ್ಬರಾದರೂ ಕೆಲಸ ಮಾಡುವುದು ಇಡೀ ಮನೆ. ಲಾಳಿಯೊಳಗಿಡುವ ಕಂಡಿಕೆಗೆ ಯಾರೋ ನೂಲು ಸುತ್ತಬೇಕು, ಹಾಸಿನ ಎಳೆ ಹರಿದರೆ ಯಾರೋ ಕೂಡಿಸಬೇಕು. ಮಧ್ಯಾಹ್ನದ ಹೊತ್ತು ಯಾವ ಪಡಸಾಲೆಗೆ ಹೋದರೂ ಹೆಂಗಸೊಬ್ಬಳು ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿರುತ್ತಾಳೆ. ಹೋದ ದಶಕದ ಕೊನೆಯಲ್ಲಿ ನಡೆದ ನಾಲ್ಕನೇ ಕೈಮಗ್ಗ ಗಣತಿಯ ಪ್ರಕಾರ ದೇಶದ 35 ಲಕ್ಷಕ್ಕೂ ಹೆಚ್ಚು ಕೈಮಗ್ಗ ಕೆಲಸಗಾರರಲ್ಲಿ ಶೇ. 72ರಷ್ಟು ಹೆಂಗಸರು. ಆದರೆ ಸೀರೆಯ ಮಜೂರಿಯಲ್ಲಿ ಕಂಡಿಕೆಗೆ ಬೇರೆ ಪಾಲು ಎಂಬುದು ಹೆಚ್ಚಿನ ಮನೆಗಳಲ್ಲಿ ಇಲ್ಲ. ಕೇಳಿದರೆ "ಅದೇನ್ ಕೆಲಸ ಏನ್ರಿ, ಕುಂತಲ್ಲೇ ಮಾಡೂದು" ಎನ್ನುತ್ತಾರೆ. ಕುಳಿತಲ್ಲೇ ಮಾಡುವುದು ಕೆಲಸವಲ್ಲವಾದರೆ ಮಗ್ಗದಲ್ಲಿ ಕುಳಿತವನದ್ದೂ ಕೆಲಸವಲ್ಲ ತಾನೇ!

ಮಗ್ಗದವರಿಗೆ ಇರುವ ಸೌಲಭ್ಯಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ನೇಕಾರರ ಗುರುತಿನ ಚೀಟಿ, ಅದಿಲ್ಲದೆ ಉಳಿದ ಯಾವುದೂ ಇಲ್ಲ. ಮಗ್ಗದಲ್ಲಿ ಕೂರುವವರಿಗಷ್ಟೇ ಅಲ್ಲ, ಕಂಡಿಕೆ ಸುತ್ತುವಂಥ ಪೂರಕ ಕೆಲಸದವರೂ ಗಣತಿಯಲ್ಲಿ ಸೇರುತ್ತಾರೆಂಬುದನ್ನು ಮನೆಯ ಗಂಡಸರಿಗೆ ನೆನಪಿಸಿ. ಎರಡನೆಯದು 2006ರಲ್ಲಿ ಬಂದ 'ಹ್ಯಾಂಡ್‌ಲೂಮ್ ಮಾರ್ಕ್'. ಸೀರೆಗೆ ಈ ಗುರುತಿನ ಚೀಟಿ ಅಂಟಿದ್ದರೆ ವಿದ್ಯುತ್ ಮಗ್ಗದ ನಕಲಿಯಿಂದ ಬೇರ್ಪಡಿಸುವುದು ದೂರದ ಗಿರಾಕಿಗೆ ಸುಲಭ. ಸೀರೆ ಕೊಳ್ಳಲು ಹೋಗುವ ನೀವೂ ಅದನ್ನು ಕೇಳಿ.

ಗಜೇಂದ್ರಗಡದಲ್ಲಿ ನಾನು ಹೋದ ಮನೆಯಲ್ಲಿ ಹತ್ತನೇ ತರಗತಿಯ ಹುಡುಗಿಯೊಬ್ಬಳು ಲೆಕ್ಕ ಬರೆಯುತ್ತಾಳೆ. ತಾಯಿ ನೆರೆಯ ಮೂರು ಮಗ್ಗಗಳಿಗೆ ಕಂಡಿಕೆ ಸುತ್ತಿಕೊಡುತ್ತಾರೆ. ಮೊದಲು ಹಬ್ಬಕ್ಕೊಂದು ಸೀರೆ, ಮಧ್ಯೆ ಮಧ್ಯೆ ಚಿಲ್ಲರೆ ಹಣ, ಇಷ್ಟೇ ಇತ್ತಂತೆ. ಹುಡುಗಿ ಎರಡು ತಿಂಗಳು ಗಡಿಯಾರ ನೋಡಿ ತಾಸುಗಳನ್ನು ಬರೆದಳು. ದಿನಕ್ಕೆ ನಾಲ್ಕು ತಾಸಿಗೆ ಕಡಿಮೆಯಾದ ದಿನಗಳು ಐದೋ ಆರೋ. ಪುಸ್ತಕವನ್ನು ತಾಯಿ ಆ ಮೂರು ಮನೆಗಳಿಗೂ ಒಯ್ದು ತೋರಿಸಿದರು, ಜಗಳವಾಡಲಿಲ್ಲ. ಒಂದು ಮನೆಯವರು ಕಂಡಿಕೆಯ ಲೆಕ್ಕದಲ್ಲಿ ವಾರಕ್ಕಿಷ್ಟು ಎಂದು ಒಪ್ಪಿಕೊಂಡರು. ಇನ್ನೊಂದು ಮನೆಯವರು ಮಾಲೀಕರನ್ನು ಕೇಳಿ ಹೇಳುತ್ತೇವೆಂದರು. ಮೂರನೆಯವರು ಬೇರೆಯವರನ್ನು ನೋಡಿಕೊಂಡರು. ಹುಡುಗಿ ಮೂರನ್ನೂ ಬರೆದಿಟ್ಟಿದ್ದಾಳೆ, ತಾರೀಕು ಹಾಕಿ. ಎರಡನೆಯ ಮನೆಯ ಹೆಸರಿನ ಮುಂದೆ ಇನ್ನೂ ಏನೂ ತುಂಬಿಲ್ಲ.